ಹಾಕು, ಇರಲಿ ಮತ್ತು ಟಿಕ್ ಗುರುತು

ಹತ್ತು ಹನ್ನೆರಡು ಲಿನಕ್ಸ್ ಸರ್ವರ್ ಇರುವ ಸಣ್ಣ ಕಂಪನಿ, ಅವನ್ನೆಲ್ಲ ನೋಡಿಕೊಳ್ಳಲು ಒಬ್ಬನೇ ಮನುಷ್ಯ. ಯಾವ ಸರ್ವರಿನಲ್ಲಿ ಏನೇನಿರಬೇಕು ಎಂದು ಬರೆದಿಟ್ಟು, ಅದನ್ನು ಜಾರಿಗೆ ತರಲು ಒಂದು ಟೂಲ್ ಬೇಕು. ಆಗ ಎಲ್ಲರೂ ಮೊದಲು ತೆರೆಯುವುದು ಹೋಲಿಕೆಯ ಕೋಷ್ಟಕ: ಪಪೆಟ್, ಶೆಫ್, ಸಾಲ್ಟ್, ಆನ್ಸಿಬಲ್, ಎದುರಿಗೆ ಸಾಲುಸಾಲು ಟಿಕ್ ಗುರುತು. ಮಣಿಕೊಂಡದಲ್ಲಿ ಕೂತು ಅನುವಾದ ಮಾಡುವ ನನ್ನ ಕೈಗೂ ಇಂಥವು ಬರುತ್ತವೆ. ಇವನ್ನು ನಂಬಿ ಟೂಲ್ ಆರಿಸುವುದು ಹುಡುಗನನ್ನೇ ನೋಡದೆ ಜಾತಕ ಕೂಡಿತೆಂದು ಮದುವೆ ಮಾಡಿದ ಹಾಗೆ.

ನೋಡಬೇಕಾದ್ದು ವ್ಯಾಕರಣದಲ್ಲಿದೆ. (ಭಾಷಾವಿಜ್ಞಾನ ಓದಿದವಳ ಚಟ, ಸಹಿಸಿಕೊಳ್ಳಿ.) ಶಾಲೆಯ ವ್ಯಾಕರಣ 'ಹಾಕು', 'ಇರಲಿ' ಎರಡನ್ನೂ ವಿಧ್ಯರ್ಥದ ಒಂದೇ ಡಬ್ಬಿಗೆ ತುಂಬುತ್ತದೆ. ಸರ್ವರಿನ ಮುಂದೆ ಇವೆರಡೂ ಬೇರೆ ಬೇರೆ. 'ಈ ಫೈಲಿಗೆ ಒಂದು ಸಾಲು ಹಾಕು' ಎಂಬ ಸ್ಕ್ರಿಪ್ಟನ್ನು ಮೂರು ಸಲ ಓಡಿಸಿದರೆ ಮೂರು ಸಾಲು ಬೀಳುತ್ತವೆ. 'ಈ ಫೈಲಿನಲ್ಲಿ ಈ ಸಾಲು ಇರಲಿ' ಎಂದರೆ ನೂರು ಸಲ ಓಡಿಸಿದರೂ ಒಂದೇ. 1993ರಲ್ಲಿ ಮಾರ್ಕ್ ಬರ್ಜೆಸ್ ಓಸ್ಲೋದಲ್ಲಿ ಸಿಎಫ್‌ಎಂಜಿನ್ ಬರೆದಂದಿನಿಂದ ಈ ಜಾತಿಯ ಟೂಲ್‌ಗಳೆಲ್ಲ ನಿಂತಿರುವುದು 'ಇರಲಿ'ಯ ಮೇಲೆ.

ಆದರೆ ಜನ ಬರೆಯುವುದೇನು? ಎಸ್‌ಎಸ್‌ಎಚ್ ಇದ್ದರೆ ಸಾಕು, ಸರ್ವರಿನಲ್ಲಿ ಏಜೆಂಟ್ ಬೇಡ ಎಂದು ಆನ್ಸಿಬಲ್ ತರುತ್ತಾರೆ. ಆಮೇಲೆ ಹಳೆಯ ಶೆಲ್ ಸ್ಕ್ರಿಪ್ಟನ್ನೇ ಯಾಮಲ್ ಫೈಲಿನೊಳಗೆ, ಶೆಲ್ ಮಾಡ್ಯೂಲಿನಲ್ಲಿ ತುರುಕುತ್ತಾರೆ. ಅಲ್ಲಿಗೆ 'ಇರಲಿ' ಹೋಗಿ ಮತ್ತೆ 'ಹಾಕು' ಬಂತು. ಬೇರೆ ಷರತ್ತು ಬರೆಯದಿದ್ದರೆ ಆ ಮಾಡ್ಯೂಲ್ ಪ್ರತಿ ಸಲವೂ 'ಬದಲಾಯಿತು' ಎಂದೇ ವರದಿ ಕೊಡುತ್ತದೆ. ನಿಜಕ್ಕೂ ಬದಲಾದದ್ದು ಯಾವುದು ಎಂದು ಯಾರಿಗೂ ತಿಳಿಯುವುದಿಲ್ಲ. ಟಿಕ್ ಗುರುತು ಮಾತ್ರ ಹಾಗೇ ಇರುತ್ತದೆ.

ಇನ್ನು ಒಡೆತನ. 2005ರಲ್ಲಿ ಶುರುವಾದ ಪಪೆಟ್ 2022ರಲ್ಲಿ ಪರ್‌ಫೋರ್ಸ್ ಪಾಲಾಯಿತು. 2024ರ ಕೊನೆಗೆ, ಹೊಸ ಪ್ಯಾಕೇಜುಗಳನ್ನು ಮೊದಲಿನಂತೆ ಎಲ್ಲರಿಗೂ ತೆರೆದಿಡುವುದಿಲ್ಲ ಎಂಬ ಪ್ರಕಟಣೆ ಬಂತು. ಬಳಕೆದಾರರು ಓಪನ್‌ವಾಕ್ಸ್ ಎಂದು ಕವಲೊಡೆದರು. ಶೆಫ್ ಪ್ರೋಗ್ರೆಸ್ ಕೈಯಲ್ಲಿದೆ, ಸಾಲ್ಟ್ ವಿಎಂವೇರ್ ಮೂಲಕ ಬ್ರಾಡ್‌ಕಾಮ್ ಸೇರಿದೆ, ಆನ್ಸಿಬಲ್ ರೆಡ್ ಹ್ಯಾಟ್ ಜೊತೆಗೆ ಐಬಿಎಂ ಮನೆ ಹೊಕ್ಕಿದೆ. ಮನೆ ಬಾಡಿಗೆಗೆ ಹಿಡಿಯುವಾಗ ಮಾಲೀಕ ಯಾರೆಂದು ವಿಚಾರಿಸುವ ನಾವು ಇಲ್ಲೇಕೆ ಕೇಳುವುದಿಲ್ಲ?

ಹತ್ತು ಸರ್ವರಿಗೆ ನನ್ನ ಮತ ಆನ್ಸಿಬಲ್‌ಗೇ, ಶೆಲ್ ಮಾಡ್ಯೂಲನ್ನು ಉಪ್ಪಿನಕಾಯಿಯಷ್ಟೇ ಬಳಸುವುದಾದರೆ. ಆದರೆ ನೀವು ಓಡಿಸಿದಾಗಷ್ಟೇ ಅದು ಸರಿಪಡಿಸುತ್ತದೆ. ಹಲವರು ಕೈಯಾಡಿಸುವ ಇನ್ನೂರು ಸರ್ವರುಗಳಿದ್ದರೆ, ತಾನಾಗಿಯೇ ಅರ್ಧ ಗಂಟೆಗೊಮ್ಮೆ ನೋಡಿ ಸರಿಮಾಡುವ ಪಪೆಟ್ ಏಜೆಂಟಿನ ತೂಕವನ್ನು ಹೊರಬಹುದು. ಕೊಳ್ಳುವ ಮುನ್ನ ಒಂದು ಸರ್ವರಿನ ಫೈಲನ್ನು ಬೇಕೆಂದೇ ಕೈಯಾರೆ ಕೆಡಿಸಿ, ಟೂಲನ್ನು ಎರಡು ಸಲ ಓಡಿಸಿ. ಮೊದಲ ಸಲ ಅದು ರಿಪೇರಿ ಮಾಡಬೇಕು. ಎರಡನೆಯ ಸಲ ಬದಲಾವಣೆಯ ಲೆಕ್ಕ ಸೊನ್ನೆ ಬರಬೇಕು.