ಕಥೆ ಕೇಳುತ್ತ ವ್ಯಾಕರಣ



ಚನ್ನಪಟ್ಟಣದ ಕಡೆಯ ವಾಚಕರೊಬ್ಬರು ನಮಗೆ ಪತ್ರ ಬರೆದಿದ್ದಾರೆ. ಅವರ ಮನೆಯವರಿಗೆ ಈಗ ನಲವತ್ತೆಂಟು ವರ್ಷ. ಇಂಗ್ಲಿಷ್ ಕಲಿಯಬೇಕೆಂಬ ಹಂಬಲದಿಂದ ಒಂದು ತರಬೇತಿ ಕೇಂದ್ರಕ್ಕೆ ಹಣ ಕಟ್ಟಿ ಎರಡು ತಿಂಗಳು ಹೋಗಿಬಂದರಂತೆ. ಅಲ್ಲಿ ಮೊದಲ ದಿನವೇ ಹನ್ನೆರಡು ಕಾಲಗಳ ಪಟ್ಟಿ ಬರೆಸಿದರು. ಎರಡನೆಯ ವಾರ ಕರ್ತರಿ ಕರ್ಮಣಿ ಪ್ರಯೋಗಗಳ ಕೋಷ್ಟಕ. ನಾಲ್ಕನೆಯ ವಾರ ಪರೀಕ್ಷೆ. ಮೂರನೆಯ ತಿಂಗಳು ಆ ತಾಯಿ ಹೋಗಲಿಲ್ಲ. “ಈ ವಯಸ್ಸಿನಲ್ಲಿ ವ್ಯಾಕರಣ ತಲೆಗೆ ಹತ್ತುವುದೇ? ಹತ್ತುವುದಾದರೆ ಯಾವ ಪುಸ್ತಕ ಕೊಡಿಸಲಿ?” ಎಂಬುದು ಅವರ ಪ್ರಶ್ನೆ.

ಪುಸ್ತಕದ ಮಾತು ಆಮೇಲೆ. ವ್ಯಾಕರಣವು ತಲೆಗೆ ಹತ್ತಬೇಕಾದ ವಸ್ತುವಲ್ಲ, ಅದು ಆಗಲೇ ಅಲ್ಲಿದೆ ಎಂಬುದನ್ನು ಮೊದಲು ಹೇಳಬೇಕಾಗಿದೆ. ರಾಮನಗರಕ್ಕೂ ಚನ್ನಪಟ್ಟಣಕ್ಕೂ ನಡುವೆ ಹಳೆಯ ಮೈಸೂರು ರಸ್ತೆಯಲ್ಲಿರುವ ಕೆಂಗಲ್ ಎಲ್ಲರಿಗೂ ತಿಳಿದ ಸ್ಥಳ. ಆಂಜನೇಯನ ಗುಡಿಯಿಂದ ಹೆಸರಾದದ್ದು. ಮುಖ್ಯಮಂತ್ರಿಗಳಾಗಿದ್ದ ಹನುಮಂತಯ್ಯನವರು ತಮ್ಮ ಹೆಸರಿನ ಹಿಂದೆ ಧರಿಸಿದ್ದು. ಕೆಂಪು ಎಂಬುದಕ್ಕೆ ಕಲ್ಲು ಎಂಬುದು ಸೇರಿದಾಗ ಕಕಾರಕ್ಕೆ ಗಕಾರವು ಆದೇಶವಾಗಿ ಬಂದು ಕೆಂಗಲ್ ಆಯಿತು. ಕೇಶಿರಾಜನ ಸೂತ್ರವನ್ನು ಓದಿದವರು ಆ ಸುತ್ತಿನಲ್ಲಿ ಎಷ್ಟು ಮಂದಿ ಇದ್ದಾರು? ಆದರೂ ಹೊಲದಲ್ಲಿ ಕೆಲಸ ಮಾಡುವ ಮುದುಕಿಯೂ ‘ಕೆಂಕಲ್ಲು’ ಎನ್ನುವುದಿಲ್ಲ. ನಲವತ್ತೆಂಟು ವರ್ಷದ ಆ ತಾಯಿ ಒಂದು ಭಾಷೆಯ ಸಮಗ್ರ ವ್ಯಾಕರಣವನ್ನು ನಾಲಿಗೆಯ ಮೇಲಿಟ್ಟುಕೊಂಡೇ ತರಗತಿಗೆ ಹೋದರು. ಅವರನ್ನು ಏನೂ ತಿಳಿಯದ ಮಗುವಿನಂತೆ ಕೂರಿಸಿ ಪಟ್ಟಿ ಬರೆಸಿದ್ದೇ ತಪ್ಪಾಯಿತು.

ಈ ಕೆಂಗಲ್ಲಿನ ಹತ್ತಿರವೇ ನಿವೃತ್ತ ಉಪಾಧ್ಯಾಯರೊಬ್ಬರು ತಮ್ಮ ಮನೆಯ ಜಗಲಿಯಲ್ಲಿ ಭಾನುವಾರ ಮಧ್ಯಾಹ್ನ ದೊಡ್ಡವರಿಗೆ ಇಂಗ್ಲಿಷ್ ಪಾಠ ಹೇಳುತ್ತಾರೆ. ನಾವು ನಾಲ್ಕಾರು ಬಾರಿ ಹೋಗಿ ಕುಳಿತು ಕೇಳಿದ್ದೇವೆ. ಬರುವವರು ಹನ್ನೆರಡು ಹದಿಮೂರು ಮಂದಿ. ಬಹುತೇಕರು ಕನ್ನಡ ಶಾಲೆಯಲ್ಲಿ ಐದನೆಯ ತರಗತಿಗೆ ಬಂದ ಮೇಲೆ ಎ ಬಿ ಸಿ ಡಿ ಕಂಡವರು. ನಮ್ಮ ಸರ್ಕಾರಿ ಕನ್ನಡ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಬಂದದ್ದು 2007ರಲ್ಲಿ. ಅದಕ್ಕೆ ಹಿಂದಿನವರೆಲ್ಲ ಈ ಪಂಕ್ತಿಯವರೇ.

ಅವರಲ್ಲಿ ಒಬ್ಬರು ಬೊಂಬೆ ಮಾಡುವ ಮನೆತನದವರು. ಆಲೆಮರವನ್ನು ಕಡೆದು ಅರಗಿನ ಬಣ್ಣ ಕೊಡುವ ಕೆಲಸ. ಮೊದಲು ಮೈಸೂರಿಗೆ ಹೋಗುವ ಬರುವ ಜನ ಚನ್ನಪಟ್ಟಣದಲ್ಲಿ ವಾಹನ ನಿಲ್ಲಿಸಿ ಬೊಂಬೆ ಕೊಳ್ಳುತ್ತಿದ್ದರು. 2023ರ ಮಾರ್ಚಿಯಲ್ಲಿ ಉದ್ಘಾಟನೆಯಾದ ಹೊಸ ಹೆದ್ದಾರಿಯು ಊರನ್ನು ಬಳಸಿಕೊಂಡು ಹೋಯಿತು. ಹಳೆಯ ರಸ್ತೆಯ ಅಂಗಡಿಗಳ ಮುಂದೆ ನಿಲ್ಲುವ ಕಾರುಗಳು ಕಡಿಮೆಯಾದವು. ಈಗ ದೂರದ ಗಿರಾಕಿಗಳ ಬೇಡಿಕೆಯೇ ಆಧಾರ, ಆ ಬೇಡಿಕೆ ಬರುವುದು ಇಂಗ್ಲಿಷಿನಲ್ಲಿ. ಒಮ್ಮೆ ಇವರಿಗೆ ಬಂದ ಪತ್ರದಲ್ಲಿ ಸರಕು ‘ಬೈ ದಿ ಟೆಂತ್’ ತಲುಪಬೇಕೆಂದಿತ್ತು. ಇವರಿಗೆ ಹತ್ತು ಎಂಬುದು ತಿಳಿಯಿತು, ‘ಬೈ’ ತಿಳಿಯಲಿಲ್ಲ. ಹತ್ತನೆಯ ತಾರೀಖಿನಂದು ಸರಕನ್ನು ರವಾನೆ ಮಾಡಿದರು. ಹತ್ತರೊಳಗೆ ಕೈಸೇರಬೇಕಾಗಿದ್ದ ಮಾಲು ಹಿಂದಕ್ಕೆ ಬಂತು. ಮನೆಮಂದಿಯೆಲ್ಲ ಕೂಡಿ ಎರಡು ತಿಂಗಳು ದುಡಿದದ್ದು ಎರಡಕ್ಷರದ ಒಂದು ಅವ್ಯಯಕ್ಕೆ ಆಹುತಿಯಾಯಿತು. ವ್ಯಾಕರಣವೆಂದರೆ ಪಂಡಿತರ ಹರಟೆ ಎನ್ನುವವರು ಇದನ್ನು ಗಮನಿಸಬೇಕು.

ಮತ್ತೊಬ್ಬರು ಐವತ್ತೆಂಟರ ತಾಯಿ. ಮಗಳು ಅಳಿಯ ಅಮೆರಿಕದಲ್ಲಿ. ಆರು ವರ್ಷದ ಮೊಮ್ಮಗನಿಗೆ ಕನ್ನಡ ಬಾರದು. ಫೋನಿನಲ್ಲಿ ಮುಖ ಕಾಣುತ್ತದೆ, ಮಾತು ಸಾಗುವುದಿಲ್ಲ. ಅವನಿಗೆ ತಮಗೆ ಬರುವ ಕಥೆಗಳನ್ನು ಹೇಳಬೇಕೆಂಬುದೊಂದೇ ಆಕೆಯ ಆಸೆ. ಮಗುವಿಗೇ ಕನ್ನಡ ಕಲಿಸಬಾರದೇ ಎಂದು ನಾವು ಕೇಳಿದೆವು. “ಅವರಪ್ಪ ಅಮ್ಮ ಕಲಿಸ್ತೀವಿ ಅಂತಾರೆ ಸ್ವಾಮಿ, ಅವನು ಕಲಿಯೋ ಹೊತ್ಗೆ ನಾನಿರ್ತೀನೋ ಇಲ್ವೋ” ಎಂದರು. ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ.

ಈ ಮೇಷ್ಟ್ರು ಪಾಠ ಹೇಳುವ ಕ್ರಮ ನಮಗೆ ಮೆಚ್ಚಿಗೆಯಾದುದು, ಏಕೆಂದರೆ ಅದು ನಾವು ಮಠದ ಪಾಠಶಾಲೆಯಲ್ಲಿ ಸಂಸ್ಕೃತವನ್ನು ಕಲಿತ ಕ್ರಮವೇ ಆಗಿದೆ. ಅಲ್ಲಿ ಶಬ್ದರೂಪ, ಧಾತುರೂಪ, ಅಮರಕೋಶ ಬಾಯಿಪಾಠವಾಗುತ್ತಿತ್ತು ನಿಜ. ಆದರೆ ಅದರ ಬೆನ್ನಿಗೇ ಹಿತೋಪದೇಶ, ಪಂಚತಂತ್ರಗಳ ಕಥೆ ಬರುತ್ತಿತ್ತು. ಬೆಳಿಗ್ಗೆ ಒಪ್ಪಿಸಿದ ತೃತೀಯಾ ವಿಭಕ್ತಿಯು ಮಧ್ಯಾಹ್ನ ನರಿಯ ಬಾಯಲ್ಲಿ ಸಿಕ್ಕುತ್ತಿತ್ತು. ಬಾಯಿಪಾಠವನ್ನು ಮಾತ್ರ ಉಳಿಸಿಕೊಂಡು ನರಿಯನ್ನು ಓಡಿಸಿದ್ದು ಇತ್ತೀಚಿನ ತರಬೇತಿ ಕೇಂದ್ರಗಳ ಸಾಧನೆ.

ಇದರಲ್ಲಿ ಒಂದು ಇತಿಹಾಸದ ವಿನೋದವೂ ಇದೆ. ಈಸ್ಟ್ ಇಂಡಿಯಾ ಕಂಪನಿಯವರು ತಮ್ಮ ತರುಣ ಅಧಿಕಾರಿಗಳಿಗೆ ನಮ್ಮ ದೇಶದ ಭಾಷೆಗಳನ್ನು ಕಲಿಸಲು 1800ರಲ್ಲಿ ಕಲ್ಕತ್ತೆಯಲ್ಲಿ ಫೋರ್ಟ್ ವಿಲಿಯಂ ಕಾಲೇಜನ್ನೂ 1812ರಲ್ಲಿ ಮದರಾಸಿನಲ್ಲಿ ಫೋರ್ಟ್ ಸೇಂಟ್ ಜಾರ್ಜ್ ಕಾಲೇಜನ್ನೂ ತೆರೆದರು. ಕಲ್ಕತ್ತೆಯ ಕಾಲೇಜಿಗಾಗಿ ವಿಲಿಯಂ ಕೇರಿ 1804ರಲ್ಲಿ ಶ್ರೀರಾಮಪುರದಲ್ಲಿ ಅಚ್ಚು ಹಾಕಿಸಿದ ಸಂಸ್ಕೃತ ಗ್ರಂಥ ಯಾವುದು? ಹಿತೋಪದೇಶ! ಅದೇ ಕೇರಿ 1817ರಲ್ಲಿ ಕನ್ನಡಕ್ಕೂ ಒಂದು ವ್ಯಾಕರಣ ಬರೆದರು. 1820ರಲ್ಲಿ ಮದರಾಸಿನಿಂದ ಮೆಕೆರೆಲ್ಲರ ಕನ್ನಡ ವ್ಯಾಕರಣ ಹೊರಬಂತು. ವ್ಯಾಕರಣವೂ ಇತ್ತು, ಕಥೆಯೂ ಇತ್ತು. ಮೀಸೆ ಬಂದ ಇಂಗ್ಲಿಷರು ನಮ್ಮ ಕಾಗೆ ಗೂಬೆಗಳ ಕಥೆಯಿಂದ ನಮ್ಮ ಭಾಷೆಗಳನ್ನು ಕಲಿತರು. ಅವರ ಭಾಷೆಯನ್ನು ಕಲಿಯುವ ನಮ್ಮ ದೊಡ್ಡವರಿಗೆ ಮಾತ್ರ ಕೋಷ್ಟಕ!

ಕಥೆಯಿಂದಲೇ ಏಕೆ ಕಲಿಯಬೇಕೆಂದು ಕೇಳಬಹುದು. ಇಂಗ್ಲಿಷಿನ ಕೆಲವು ನಿಯಮಗಳು ಒಂಟಿ ವಾಕ್ಯದಲ್ಲಿ ಕಾಣಿಸಿಕೊಳ್ಳುವುದೇ ಇಲ್ಲ. ನಾಮಪದದ ಮುಂದೆ ಬರುವ ‘ಎ’ ಮತ್ತು ‘ದಿ’ ಎಂಬ ಎರಡು ಪುಟ್ಟ ಪದಗಳನ್ನೇ ನೋಡಿರಿ. ಕನ್ನಡದವರನ್ನು ಇವುಗಳಷ್ಟು ಕಾಡಿದ್ದು ಬೇರೊಂದಿಲ್ಲ. ಮೇಷ್ಟ್ರು ಕಪ್ಪು ಹಲಗೆಯ ಮೇಲೆ ನಿಯಮ ಬರೆಯಲಿಲ್ಲ. ಆ ಅಜ್ಜಿಗೆ, “ಅಮ್ಮಾ, ಒಂದು ಕಥೆ ಶುರುಮಾಡಿ” ಎಂದರು. “ಒಂದೂರಲ್ಲಿ ಒಬ್ಬ ರಾಜ ಇದ್ದ. ಆ ರಾಜಂಗೆ ಇಬ್ರು ಹೆಂಡ್ತೀರು” ಎಂದು ಆಕೆ ಆರಂಭಿಸಿದರು. “ಮೊದಲು ಒಬ್ಬ ರಾಜ ಅಂದ್ರಿ, ಆಮೇಲೆ ಆ ರಾಜ ಅಂದ್ರಿ, ಯಾಕಮ್ಮಾ?” “ಮೊದ್ಲು ನಿಮಗೆ ಗೊತ್ತಿರ್ಲಿಲ್ವಲ್ಲ ಮೇಷ್ಟ್ರೇ, ಆಮೇಲೆ ಗೊತ್ತಾಯ್ತಲ್ಲ!” ಪಾಠ ಅಲ್ಲಿಗೆ ಮುಗಿಯಿತು. ಕೇಳುವವನಿಗೆ ಗೊತ್ತಿಲ್ಲದ ರಾಜ ‘ಎ ಕಿಂಗ್’, ಗೊತ್ತಾದ ರಾಜ ‘ದಿ ಕಿಂಗ್’. ಇದಕ್ಕೆ ಉಪನಿಯಮಗಳು ಬೇಕಾದಷ್ಟಿವೆ, ಅವು ಕಾಲಕ್ರಮದಲ್ಲಿ ಬರುತ್ತವೆ. ಬೇರು ಮಾತ್ರ ಇದೇ. ಕೇಳುವವನೊಬ್ಬನು ಎದುರಿಗಿಲ್ಲದೆ ಈ ಬೇರು ಸಿಕ್ಕುವುದಿಲ್ಲ. ಕಥೆಗೆ ಕೇಳುವವನು ಇದ್ದೇ ಇರುತ್ತಾನೆ. ಮುಂದೊಂದು ದಿನ ಆ ತಾಯಿ ಮೊಮ್ಮಗನಿಗೆ ಕಾಗಕ್ಕ ಗುಬ್ಬಕ್ಕನ ಕಥೆಯನ್ನು ‘ದಿ ಕ್ರೋ’ ಎಂದು ಆರಂಭಿಸಿದಾಗ, ಆ ಹುಡುಗ ಯಾವ ಕಾಗೆ ಎಂದು ಕೇಳಿದನಂತೆ. ಅಷ್ಟು ಒಳ್ಳೆಯ ಪರೀಕ್ಷಕ ಯಾವ ತರಬೇತಿ ಕೇಂದ್ರದಲ್ಲಿ ಸಿಕ್ಕಾನು?

ಕಾಲಗಳ ವಿಚಾರವೂ ಹೀಗೆಯೇ. ಬಂದ, ಬಂದಿದ್ದಾನೆ, ಬಂದಿದ್ದ ಎಂಬ ಮೂರು ರೂಪಗಳನ್ನು ನಾವು ದಿನವೂ ತಪ್ಪಿಲ್ಲದೆ ಬಳಸುತ್ತೇವೆ. ‘ಕೇಮ್’, ‘ಹ್ಯಾಸ್ ಕಮ್’, ‘ಹ್ಯಾಡ್ ಕಮ್’ ಎಂಬುವು ಹೆಚ್ಚುಕಡಿಮೆ ಅವುಗಳ ಜೊತೆಗಾರರು. ಒಂದು ಎಚ್ಚರಿಕೆ ಮಾತ್ರ ಬೇಕು: ‘ನಿನ್ನೆ ಬಂದಿದ್ದಾನೆ’ ಎಂದು ಕನ್ನಡದಲ್ಲಿ ಹೇಳಬಹುದು, ಇಂಗ್ಲಿಷಿನಲ್ಲಿ ನಿನ್ನೆ ಎಂದು ದಿನ ಹೇಳಿದೊಡನೆ ‘ಹ್ಯಾಸ್’ ನಿಲ್ಲುವುದಿಲ್ಲ, ‘ಕೇಮ್’ ಎಂದೇ ಆಗಬೇಕು. ಹನ್ನೆರಡು ಕಾಲಗಳೆಂದು ಹೆದರಿಸುವುದಕ್ಕಿಂತ ಈ ಮೂರನ್ನು ಗಟ್ಟಿಮಾಡಿಸಿದರೆ ಯಾವ ಸಣ್ಣಕಥೆಯನ್ನಾದರೂ ಕೈಗೆತ್ತಿಕೊಳ್ಳಬಹುದು.

ಇನ್ನು ಕನ್ನಡಕ್ಕೂ ಇಂಗ್ಲಿಷಿಗೂ ನಿಜವಾಗಿ ಭೇದವಿರುವ ಸ್ಥಳಗಳನ್ನು ಮುಚ್ಚಿಡಬಾರದು. ನಮ್ಮ ಕ್ರಿಯಾಪದ ವಾಕ್ಯದ ಕೊನೆಗೆ, ಅವರದು ಕರ್ತೃವಿನ ಪಕ್ಕದಲ್ಲಿ. ನಮ್ಮ ವಿಭಕ್ತಿ ಪ್ರತ್ಯಯ ನಾಮಪದದ ಹಿಂದೆ ಅಂಟಿಕೊಳ್ಳುತ್ತದೆ; ಅವರ ಇನ್, ಟು, ಫ್ರಮ್, ಬೈ ಮುಂದೆ ಬಿಡಿಯಾಗಿ ನಿಲ್ಲುತ್ತವೆ. ನಾವು ‘ನಿನ್ನೆ ಬಂದ ಹುಡುಗ’ ಎಂದು ಕೃದಂತವನ್ನು ಮುಂದಿಟ್ಟು ಮುಗಿಸಿದರೆ ಅವರು ಹುಡುಗನನ್ನು ಮೊದಲು ಹೇಳಿ, ‘ಹೂ’ ಎಂಬುದರಿಂದ ಅವನ ಸಮಾಚಾರವನ್ನು ಆಮೇಲೆ ಹೇಳುತ್ತಾರೆ. ನಮಗೆ ಹಸಿವಾಗುತ್ತದೆ, ನಮಗೆ ಗೊತ್ತಾಗುತ್ತದೆ, ನಮಗೆ ಇಬ್ಬರು ಮಕ್ಕಳು, ಎಲ್ಲವೂ ಚತುರ್ಥಿ. ಅವರಲ್ಲಿ ಎಲ್ಲಕ್ಕೂ ‘ಐ’, ಅದೂ ವಾಕ್ಯದ ನಡುವೆ ಬಂದರೂ ದೊಡ್ಡಕ್ಷರದಲ್ಲಿ. ‘ನಾನು ನಾಳೆ ಬರುತ್ತೇನೆ ಎಂದು ಅವನು ಹೇಳಿದ’ ಎಂಬ ನಮ್ಮ ವಾಕ್ಯದಲ್ಲಿ ಅವನ ಮಾತು ಅವನ ಬಾಯಲ್ಲಿದ್ದಂತೆಯೇ ಉಳಿಯುತ್ತದೆ. ಇಂಗ್ಲಿಷಿನಲ್ಲಿ ಆ ‘ನಾನು’ ಅವನಾಗಿ, ‘ನಾಳೆ’ ಮರುದಿನವಾಗಿ, ಕಾಲವೂ ಹಿಂದಕ್ಕೆ ಸರಿಯುತ್ತದೆ. ಸಂಭಾಷಣೆಯುಳ್ಳ ಕಥೆಯನ್ನು ಓದಿ, ಯಾರು ಯಾರಿಗೆ ಏನೆಂದರು ಎಂಬುದನ್ನು ತಿರುಗಿ ಹೇಳಿಸುವುದೇ ಇದಕ್ಕೆ ಮದ್ದು.

ಹಾಗಾದರೆ ಯಾವ ಕಥೆ? ಮೇಷ್ಟ್ರು ಆರಿಸಿದ್ದು ಮಾಸ್ತಿಯವರ ‘ರಂಗನ ಮದುವೆ’. ಮೊದಲ ಭಾನುವಾರ ಕನ್ನಡದಲ್ಲಿ ಗಟ್ಟಿಯಾಗಿ ಓದಿಸಿದರು. ಮುಂದಿನ ನಾಲ್ಕು ಭಾನುವಾರ ಅದರ ಇಂಗ್ಲಿಷ್ ಅನುವಾದ. ಇದನ್ನು ಕೇಂದ್ರದ ಎನ್‌ಸಿಇಆರ್‌ಟಿ ಸಂಸ್ಥೆಯು 2006ರ ಹನ್ನೊಂದನೆಯ ತರಗತಿಯ ಇಂಗ್ಲಿಷ್ ಪೂರಕ ಪಠ್ಯದಲ್ಲಿ ಸೇರಿಸಿದ್ದುದರಿಂದ ಹಳೆಯ ಪ್ರತಿಗಳು ಸುಲಭವಾಗಿ ಸಿಕ್ಕುತ್ತವೆ. ಕಥೆಯ ಆಗುಹೋಗು ತಿಳಿದಿದ್ದರಿಂದ ಯಾರೂ ಪ್ರತಿ ಪದಕ್ಕೂ ನಿಘಂಟು ತೆರೆಯಲಿಲ್ಲ. ಮುಂದೇನು ಎಂಬ ಆತಂಕ ಹೋಗಿ, ಅದನ್ನು ಇವರು ಹೇಗೆ ಹೇಳಿದ್ದಾರೆ ಎಂಬ ಕುತೂಹಲ ಉಳಿಯಿತು.

ಈ ಆಯ್ಕೆಯಲ್ಲಿ ಇನ್ನೊಂದು ಸ್ವಾರಸ್ಯವಿದೆ. ಆ ಕಥೆ ಇಂಗ್ಲಿಷ್ ಕಲಿಕೆಯ ಕಥೆಯೂ ಹೌದು. ಹೊಸಹಳ್ಳಿಯ ಶಾನುಭೋಗರ ಮಗ ಬೆಂಗಳೂರಿಗೆ ಹೋಗಿ ಇಂಗ್ಲಿಷ್ ಓದಿ ಬರುತ್ತಾನೆ. ಹುಡುಗ ಏನಾಗಿಬಿಟ್ಟನೋ ಎಂದು ಊರಿಗೆ ಊರೇ ಸೇರುತ್ತದೆ. ಮುದುಕಿಯೊಬ್ಬಳು ಅವನ ಎದೆಯ ಮೇಲೆ ಕೈಯಾಡಿಸಿ ಜನಿವಾರ ಇದೆಯೆಂದು ಖಾತ್ರಿ ಮಾಡಿಕೊಳ್ಳುತ್ತಾಳೆ. ಸೌದೆ ಮಾರುವ ಮುದುಕಿಗೆ ಬೇರೊಬ್ಬ ಹುಡುಗ ಚಿಲ್ಲರೆ ಇಲ್ಲವೆಂಬುದನ್ನು ‘ಚೇಂಜ್’ ಇಲ್ಲವೆಂದು ಹೇಳುತ್ತಾನೆ, ಅವಳಿಗೆ ಅರ್ಥವಾಗದೆ ಗೊಣಗುತ್ತ ಹೋಗುತ್ತಾಳೆ. ಈ ಭಾಗ ಬಂದಾಗ ಬೊಂಬೆಯವರು ಮಾತ್ರ ನಗಲಿಲ್ಲ. “ನಂದೂ ಅದೇ ಅಲ್ವಾ ಮೇಷ್ಟ್ರೇ, ಅವಳಿಗೆ ಚೇಂಜು, ನನಗೆ ಬೈ” ಎಂದರು. ಒಂದು ಕಥೆಯನ್ನು ಹೀಗೆ ಓದಿದವರಿಗೆ ಸಾರಾಂಶ ಬರೆಯಿರಿ ಎಂದು ಪ್ರಶ್ನೆ ಹಾಕುವ ಅಗತ್ಯವಿಲ್ಲವೆಂದು ನಮ್ಮ ಅಭಿಪ್ರಾಯ.

ಇಂಗ್ಲಿಷಿನ ಹಿಂದೆ ಬಿದ್ದರೆ ಕನ್ನಡ ಕೆಡುವುದೆಂದು ಹಿರಿಯರು ಕೆಲವರು ಆಕ್ಷೇಪಿಸುತ್ತಾರೆ. ಮಾಸ್ತಿಯವರೇ ಇಂಗ್ಲಿಷಿನಲ್ಲಿ ಎಂ.ಎ. ಮಾಡಿದವರು. 1926ರಲ್ಲಿ ‘ಇಂಗ್ಲಿಷ್ ಗೀತಗಳು’ ಕೊಟ್ಟ ಬಿ.ಎಂ.ಶ್ರೀ. ಮೈಸೂರಿನಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದರು. ಇದೇ ಸೀಮೆಯ ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ 1907ರಲ್ಲಿ ಜನಿಸಿದ ಸಿದ್ಧಗಂಗೆಯ ಪೂಜ್ಯ ಶಿವಕುಮಾರ ಸ್ವಾಮಿಗಳು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದವರು. ಕನ್ನಡ, ಸಂಸ್ಕೃತ, ಇಂಗ್ಲಿಷ್ ಮೂರರಲ್ಲೂ ಅವರಿಗೆ ಪ್ರಭುತ್ವವಿತ್ತು. ಇವರಲ್ಲಿ ಯಾರ ಕನ್ನಡ ಕೆಟ್ಟಿತ್ತು? ತನ್ನ ಭಾಷೆಯ ಜಾಡು ಹಿಡಿದು ಇನ್ನೊಂದನ್ನು ಕಲಿತವನಿಗೆ ತನ್ನ ಭಾಷೆಯೂ ಹೊಸದಾಗಿ ಕಾಣುತ್ತದೆ. ತನ್ನದನ್ನು ಮರೆತು ಕಲಿತವನಿಗೆ ಎರಡೂ ದಕ್ಕುವುದಿಲ್ಲ; ಅಂಥವರು ಇದ್ದಾರೆ, ಹಿರಿಯರ ಭಯ ಪೂರ್ತಿ ಹುಸಿಯಲ್ಲ.

ಪತ್ರ ಬರೆದ ಮಹನೀಯರಿಗೆ ಈಗ ಪುಸ್ತಕದ ಮಾತು. ರೆನ್ ಮತ್ತು ಮಾರ್ಟಿನ್ ಅವರ ಹೆಸರಾಂತ ವ್ಯಾಕರಣ ಶಾಲೆಯ ಮಕ್ಕಳಿಗಾಗಿ ಹುಟ್ಟಿದ್ದು. ಸಂದೇಹ ಬಂದಾಗ ತೆರೆದು ನೋಡಲು ಮನೆಯಲ್ಲಿರಲಿ, ಮೊದಲ ಪುಟದಿಂದ ಓದುವುದು ಬೇಡ. ಒಂದು ಇಂಗ್ಲಿಷ್–ಕನ್ನಡ ನಿಘಂಟು ಇರಲಿ. ನಿಮ್ಮ ಮನೆಯವರು ಕನ್ನಡದಲ್ಲಿ ಓದಿ ಮೆಚ್ಚಿದ ಕಥೆಯೊಂದರ ಇಂಗ್ಲಿಷ್ ಅನುವಾದ ದೊರೆತರೆ ಅದೇ ಮೊದಲ ಪಾಠವಾಗಲಿ. ಬಳಿಕ ಆರ್.ಕೆ. ನಾರಾಯಣ್ ಅವರ ಸಣ್ಣಕಥೆಗಳು. ಅವರ ವಾಕ್ಯಗಳು ಚಿಕ್ಕವು, ಊರು ನಮ್ಮದೇ ಎನಿಸುವಂಥದು, ಶಂಕರ್‌ನಾಗ್ ಅವರ ‘ಮಾಲ್ಗುಡಿ ಡೇಸ್’ ಧಾರಾವಾಹಿ ನೋಡಿದವರಿಗೆ ಪರಿಚಿತವೂ ಹೌದು. ದಿನಕ್ಕೆ ಅರ್ಧ ಪುಟ ಸಾಕು, ಗಟ್ಟಿಯಾಗಿ ಓದಬೇಕು, ನೀವು ಎದುರಿಗೆ ಕುಳಿತು ಕೇಳಬೇಕು. ಓದುವಾಗ ನಡುವೆ ತಿದ್ದಬಾರದು.

ಕೆಂಗಲ್ಲಿನವರು ಈಗ ನಾರಾಯಣ್ ಅವರ ಜೋಯಿಸನ ಕಥೆಯಲ್ಲಿದ್ದಾರೆ. 1947ರ ಸಂಕಲನಕ್ಕೆ ಹೆಸರು ಕೊಟ್ಟ ಕಥೆ ಅದು. ಕವಡೆ ಹರಡಿ ಕುಳಿತ ಜೋಯಿಸನ ಮುಂದೆ ರಾತ್ರಿ ಹೊತ್ತು ಅಪರಿಚಿತನೊಬ್ಬ ಬಂದು ಕೂರುತ್ತಾನೆ. ವರ್ಷಗಳ ಹಿಂದೆ ಆಗಿಹೋದ ಒಂದು ಸಂಗತಿ ನಿಧಾನವಾಗಿ ಹೊರಬರುತ್ತದೆ. ಕಥೆಗೂ ಹಿಂದೆ ನಡೆದದ್ದೆಲ್ಲ ‘ಹ್ಯಾಡ್’ ಎಂಬುದರ ಪಾಲು. ಆ ಇಬ್ಬರ ನಡುವೆ ಹಿಂದೆ ಏನಾಗಿತ್ತೆಂದು ಮೇಷ್ಟ್ರು ಇನ್ನೂ ಹೇಳಿಲ್ಲ. ಓದಿ ತಿಳಿದುಕೊಂಡು ಬನ್ನಿ ಎಂದಿದ್ದಾರೆ.