ಕಾಡಿನ ಬೇಲಿ ಯಾರ ವಿರುದ್ಧ?

ಸರಕಾರವು ಕಾಗದದ ಮೇಲೆ ಎಳೆಯುವ ಗೆರೆಯ ಅರ್ಥವೇನೆಂದು ಬಾಗಲಕೋಟೆಯ ಜನರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆಲಮಟ್ಟಿ ಜಲಾಶಯದ 519.60 ಮೀಟರ್ ಎಂಬ ಒಂದು ಸಂಖ್ಯೆ ಹಳೆಯ ಊರಿನ ಓಣಿಗಳನ್ನು ನುಂಗಿತು. 2010ರಲ್ಲಿ ಕೃಷ್ಣಾ ಎರಡನೇ ನ್ಯಾಯಾಧಿಕರಣವು ಒಪ್ಪಿದ 524.256 ಮೀಟರ್ ಎಂಬ ಇನ್ನೊಂದು ಸಂಖ್ಯೆ ಇಂದಿಗೂ ನದಿತೀರದ ಹಳ್ಳಿಗಳ ನಿದ್ದೆ ಕೆಡಿಸಿದೆ. ಇದೇ ಜಿಲ್ಲೆಯಲ್ಲಿ ಮತ್ತೊಂದು ಗೆರೆಯಿದೆ. ಅದರ ಬಗ್ಗೆ ನಾವು ಮಾತನಾಡುವುದು ಕಡಿಮೆ. ಬೀಳಗಿ ಮತ್ತು ಮುಧೋಳ ತಾಲ್ಲೂಕುಗಳ ಸುಮಾರು 96 ಚದರ ಕಿಲೋಮೀಟರ್ ಕುರುಚಲು ಕಾಡನ್ನು 2016ರಲ್ಲಿ ಯಡಹಳ್ಳಿ ಚಿಂಕಾರ ವನ್ಯಜೀವಿಧಾಮವೆಂದು ಘೋಷಿಸಿದ ಗೆರೆ ಅದು.

ಆ ಘೋಷಣೆ ಸರಿಯಾದುದೇ. ಚಿಂಕಾರವು ದಟ್ಟ ಕಾಡಿನ ಪ್ರಾಣಿಯಲ್ಲ. ಮುಳ್ಳುಕಂಟಿ, ಒಣಹುಲ್ಲು, ಕಲ್ಲುದಿಬ್ಬಗಳೇ ಅದರ ಮನೆ. ಎಲೆ ಮತ್ತು ಇಬ್ಬನಿಯ ತೇವದಿಂದಲೇ ಅದು ಬಹುದಿನ ನೀರಿಲ್ಲದೆ ಬದುಕಬಲ್ಲದು. ಇಂತಹ ನೆಲವನ್ನು ನಮ್ಮ ಕಂದಾಯ ದಾಖಲೆಗಳು ಬ್ರಿಟಿಷರ ಕಾಲದಿಂದಲೂ 'ಪಾಳು', 'ಬಂಜರು' ಎಂದು ಕರೆದಿವೆ. ತೆರಿಗೆ ಕೊಡದ ಭೂಮಿಯೆಲ್ಲ ವ್ಯರ್ಥವೆಂಬ ಲೆಕ್ಕ ಅದು. ಸೃಷ್ಟಿಕರ್ತನು ಯಾವುದನ್ನೂ ವ್ಯರ್ಥವಾಗಿ ಸೃಷ್ಟಿಸಿಲ್ಲವೆಂದು ನಂಬುವವನ ಬಾಯಲ್ಲಿ ಈ ಮಾತು ಹೇಗೆ ಬರಲು ಸಾಧ್ಯ?

"ಮೊದಲು ಮನುಷ್ಯ, ಆಮೇಲೆ ಪ್ರಾಣಿ" ಎಂದು ನಮ್ಮವರೇ ಕೆಲವರು ವಾದಿಸುತ್ತಾರೆ. ಭೂಮಿಯ ಮೇಲೆ ಚಲಿಸುವ ಜೀವಿಗಳನ್ನೂ ಹಾರುವ ಹಕ್ಕಿಗಳನ್ನೂ ಪವಿತ್ರ ಕುರ್‌ಆನ್ ನಮ್ಮಂತಹ ಸಮುದಾಯಗಳೆಂದೇ ಪರಿಗಣಿಸುತ್ತದೆ. ಪ್ರವಾದಿ ಮುಹಮ್ಮದ್(ಸ)ರು ಮದೀನಾದ ಸುತ್ತಲಿನ ಪ್ರದೇಶವನ್ನು ಹರಮ್ ಎಂದು ಸಾರಿ, ಅಲ್ಲಿ ಮರ ಕಡಿಯುವುದನ್ನೂ ಬೇಟೆಯಾಡುವುದನ್ನೂ ನಿಷೇಧಿಸಿದರು. ಆದುದರಿಂದ ಸಂರಕ್ಷಿತ ಪ್ರದೇಶವೆಂಬುದು ನಮಗೆ ಹೊರಗಿನಿಂದ ಬಂದ ಕಲ್ಪನೆಯಲ್ಲ.

ಆದರೆ ಇಸ್ಲಾಮ್ ಕೇಳುವ ಇನ್ನೊಂದು ಪ್ರಶ್ನೆಯಿದೆ. ಈ ಬೇಲಿ ಯಾರ ವಿರುದ್ಧ?

ಇಸ್ಲಾಮಿಗಿಂತ ಮುಂಚೆಯೂ ಅರಬರಲ್ಲಿ 'ಹಿಮಾ' ಎಂಬ ಕಾಯ್ದಿಟ್ಟ ಹುಲ್ಲುಗಾವಲುಗಳಿದ್ದವು. ಬಲಿಷ್ಠ ಸರದಾರನೊಬ್ಬ ಎತ್ತರದ ಸ್ಥಳದಲ್ಲಿ ನಾಯಿಯನ್ನು ಬೊಗಳಿಸಿ, ಆ ಸದ್ದು ಕೇಳುವಷ್ಟು ನೆಲವನ್ನು ತನ್ನದಾಗಿಸಿಕೊಳ್ಳುತ್ತಿದ್ದನೆಂದು ವಿದ್ವಾಂಸರು ವಿವರಿಸಿದ್ದಾರೆ. ಪ್ರವಾದಿ(ಸ)ರು ಈ ಖಾಸಗಿ ಹಿಮಾವನ್ನು ರದ್ದುಗೊಳಿಸಿ, ಅದನ್ನು ಸಾರ್ವಜನಿಕ ಹಿತಕ್ಕೆ ಮಾತ್ರ ಸೀಮಿತಗೊಳಿಸಿದರು. ಮುಂದೆ ಖಲೀಫಾ ಉಮರ್(ರ)ರು ಹಿಮಾದ ಮೇಲ್ವಿಚಾರಣೆಗೆ ಹುನೈ ಎಂಬವರನ್ನು ನೇಮಿಸಿದಾಗ ನೀಡಿದ ಆದೇಶ ಸಹೀಹ್ ಬುಖಾರಿಯಲ್ಲಿದೆ. ಕೆಲವೇ ಒಂಟೆ, ಕೆಲವೇ ಕುರಿಗಳಿರುವವನನ್ನು ಒಳಗೆ ಬಿಡಬೇಕು. ಅಬ್ದುರ್ರಹ್ಮಾನ್ ಬಿನ್ ಔಫ್ ಮತ್ತು ಉಸ್ಮಾನ್ ಬಿನ್ ಅಫ್ಫಾನ್‌ರ ಮಂದೆಗಳನ್ನು ದೂರವಿಡಬೇಕು ಎಂಬುದು ಅದರ ತಾತ್ಪರ್ಯ. ಅವರಿಬ್ಬರೂ ಪ್ರವಾದಿಯವರ ಆಪ್ತ ಸಂಗಾತಿಗಳು. ಆದರೂ ಉಮರ್(ರ)ರ ತರ್ಕ ಸ್ಪಷ್ಟವಾಗಿತ್ತು. ಶ್ರೀಮಂತರ ಜಾನುವಾರು ಸತ್ತರೆ ಅವರಿಗೆ ತೋಟ, ಹೊಲಗಳಿವೆ. ಬಡವನ ಕುರಿ ಸತ್ತರೆ ಅವನು ಮಕ್ಕಳೊಂದಿಗೆ ಖಲೀಫಾರ ಬಾಗಿಲಿಗೆ ಬರುತ್ತಾನೆ, ಆಗ ಬೊಕ್ಕಸದಿಂದ ಚಿನ್ನ ಬೆಳ್ಳಿ ಕೊಡುವುದಕ್ಕಿಂತ ಈಗ ಹುಲ್ಲು, ನೀರು ಕೊಡುವುದೇ ಸುಲಭ.

ಈ ತಕ್ಕಡಿಯಲ್ಲಿ ನಮ್ಮ ಕಾನೂನನ್ನು ತೂಗಿ ನೋಡೋಣ. ಅಭಯಾರಣ್ಯದೊಳಗೆ ರಸ್ತೆಯೋ ವಿದ್ಯುತ್ ಮಾರ್ಗವೋ ಬೇಕೆಂದಾದರೆ ಅದಕ್ಕೆ ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಬಾಗಿಲಿದೆ. ಅರ್ಜಿ ಬರೆಯಲು ತಜ್ಞರಿದ್ದಾರೆ, ವಾದಿಸಲು ವಕೀಲರಿದ್ದಾರೆ. ಕುರಿಗಾಹಿಗೂ ಬಾಗಿಲಿಲ್ಲವೆಂದಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯು ಮೇಯಿಸುವ ಹಕ್ಕನ್ನು, ಅಲೆಮಾರಿ ಪಶುಪಾಲಕರ ಋತುಮಾನದ ಹಕ್ಕನ್ನು ಸಹ, ಹೆಸರಿಸಿಯೇ ಗುರುತಿಸಿದೆ. ಆದರೆ ಪರಿಶಿಷ್ಟ ಪಂಗಡಕ್ಕೆ ಸೇರದವನು 2005ರ ಡಿಸೆಂಬರ್ 13ಕ್ಕಿಂತ ಹಿಂದಿನ ಮೂರು ತಲೆಮಾರುಗಳ, ಅಂದರೆ 75 ವರ್ಷಗಳ ವಾಸವನ್ನು ಸಾಬೀತುಪಡಿಸಬೇಕು. ಈ ಜಿಲ್ಲೆಯ ಕುರುಬ ಕುರಿಗಾಹಿ 1930ರ ಕಾಗದವನ್ನು ಎಲ್ಲಿಂದ ತರಬೇಕು? ಕಂಬಳಿ ಹೊದ್ದು ಊರೂರು ಅಲೆದವನ ಅಜ್ಜನಿಗೆ ರಸೀದಿ ಕೊಟ್ಟವರು ಯಾರು? ಪರಿಸರ ಸೂಕ್ಷ್ಮ ವಲಯದ ಕರಡಿಗೆ 60 ದಿನಗಳೊಳಗೆ ಆಕ್ಷೇಪಣೆ ಸಲ್ಲಿಸಬಹುದು ಎನ್ನುತ್ತಾರೆ. ಆದರೆ ಆ ಕರಡು ಕೇಂದ್ರದ ರಾಜಪತ್ರದಲ್ಲಿ ಹಿಂದಿ ಮತ್ತು ಇಂಗ್ಲಿಷಿನಲ್ಲಿ ಪ್ರಕಟವಾಗುತ್ತದೆ.

ಕುರಿ ಕಾಡಿಗೆ ಬರುವುದೇಕೆ ಎಂಬುದನ್ನೂ ಕೇಳಬೇಕು. ಪ್ರತಿ ನೂರು ಜಾನುವಾರುಗಳಿಗೆ 12 ಹೆಕ್ಟೇರ್ ಮೇವುಭೂಮಿ ಇರಬೇಕೆಂದು ಕರ್ನಾಟಕದ ಭೂಕಂದಾಯ ನಿಯಮಗಳೇ ಹೇಳುತ್ತವೆ. ನಮ್ಮ ಕಡೆ ಗಾಯರಾಣವೆನ್ನುವ ಆ ನೆಲ ಒತ್ತುವರಿಗೆ, ಕಟ್ಟಡಗಳಿಗೆ, ಯೋಜನೆಗಳಿಗೆ ಕರಗುತ್ತಿದೆ. ಊರಿನ ಗಾಯರಾಣವನ್ನು ತಿಂದವರನ್ನು ಕೇಳದೆ, ಹಸಿದ ಮಂದೆಯನ್ನು ಕಾಡಿನ ಅಂಚಿನಲ್ಲಿ ತಡೆಯುವುದು ಯಾವ ನ್ಯಾಯ? ಹುನಗುಂದ, ಇಳಕಲ್ ಭಾಗದ ಕೆಂಪು ಗ್ರಾನೈಟ್ ದೇಶವಿದೇಶಗಳ ಮಹಡಿಗಳಿಗೆ ಹೋಯಿತು, ಗುಂಡಿಗಳು ಮಾತ್ರ ಇಲ್ಲಿ ಉಳಿದವು. ಅಭಯಾರಣ್ಯದೊಳಗೂ ಅದರ ಗಡಿಯಿಂದ ಒಂದು ಕಿಲೋಮೀಟರ್ ವರೆಗೂ ಗಣಿಗಾರಿಕೆ ಕೂಡದೆಂದು ಸುಪ್ರೀಮ್ ಕೋರ್ಟ್ 2023ರ ಏಪ್ರಿಲ್‌ನಲ್ಲಿ ಹೇಳಿದೆ. ಆ ತೀರ್ಪು ಸ್ವಾಗತಾರ್ಹ. ಆದರೆ ದೊಡ್ಡವರನ್ನು ತಡೆಯಲು ದೇಶದ ಅತ್ಯುನ್ನತ ನ್ಯಾಯಾಲಯವೇ ಬರಬೇಕಾಯಿತು. ಚಿಕ್ಕವನನ್ನು ತಡೆಯಲು ಒಬ್ಬ ಕಾವಲುಗಾರನೇ ಸಾಕು.

ಕುರಿಗಳು ಹೆಚ್ಚಾದರೆ ಚಿಂಕಾರಕ್ಕೆ ಮೇವು ಉಳಿಯದು ಎಂಬ ಆಕ್ಷೇಪ ಸುಳ್ಳಲ್ಲ. ಉಮರ್(ರ)ರೂ ಹಿಮಾದ ಬಾಗಿಲನ್ನು ತೆರೆದು ಬಿಟ್ಟು ಹೋಗಲಿಲ್ಲ. ಕಾಯುವವನನ್ನು ನೇಮಿಸಿ, ಯಾರಿಗೆ ಎಷ್ಟು ಎಂಬ ಮಿತಿಯನ್ನು ಹಾಕಿದರು. ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 33ನೇ ಕಲಮು ಕೂಡ ಮೇಯಿಸುವುದನ್ನು ನಿಷೇಧಿಸಲು ಮಾತ್ರವಲ್ಲ, ನಿಯಂತ್ರಿಸಲೂ ಅವಕಾಶ ನೀಡುತ್ತದೆ. ಎಷ್ಟು ಕುರಿ, ಯಾವ ತಿಂಗಳು, ಯಾವ ದಿಬ್ಬ ಎಂಬುದನ್ನು ಕುರಿಗಾಹಿಗಳೊಂದಿಗೆ ಕುಳಿತು ನಿರ್ಧರಿಸಬಹುದು. ನಿಷೇಧವು ಸುಲಭದ ದಾರಿ, ನಿಯಂತ್ರಣವು ನ್ಯಾಯದ ದಾರಿ.

ಕೊನೆಗೆ ನಮ್ಮನ್ನೇ ಪ್ರಶ್ನಿಸಿಕೊಳ್ಳೋಣ. ನೆರೆಯ ಗದಗದ ಕಪ್ಪತಗುಡ್ಡದ ಸಂರಕ್ಷಿತ ಸ್ಥಾನಮಾನವನ್ನು ಸರಕಾರ 2016ರಲ್ಲಿ ಹಿಂತೆಗೆದುಕೊಂಡಾಗ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿ ಬೀದಿಗಿಳಿದರು. 2017ರಲ್ಲಿ ಆ ಸ್ಥಾನಮಾನ ಮರಳಿತು, 2019ರಲ್ಲಿ ಅದು ವನ್ಯಜೀವಿಧಾಮವಾಯಿತು. ನಮ್ಮ ಎಷ್ಟು ಮಸೀದಿಗಳ ಜುಮುಅ ಖುತ್ಬಾಗಳಲ್ಲಿ ಕಾಡು, ಗಾಯರಾಣ, ಕೆರೆಗಳ ಮಾತು ಬಂದಿದೆ? ಮನುಷ್ಯನು ಭೂಮಿಯಲ್ಲಿ ಅಲ್ಲಾಹನ ಖಲೀಫಾ ಎಂದು ಭಾಷಣ ಮಾಡುವ ನಾವು, ಗ್ರಾಮಸಭೆಯಲ್ಲಿ ಗಾಯರಾಣದ ಒತ್ತುವರಿಯ ವಿಷಯ ಬಂದಾಗ ಎದ್ದು ನಿಲ್ಲುತ್ತೇವೆಯೇ? ಒತ್ತುವರಿದಾರ ನಮ್ಮವನೇ ಆಗಿದ್ದರೆ?

ಕುರಿಗಾಹಿ ನಮ್ಮ ಜಮಾಅತಿನವನಲ್ಲದಿರಬಹುದು, ಚಿಂಕಾರವಂತೂ ಯಾರ ಮತದಾರನೂ ಅಲ್ಲ. ಹುನೈ ಅವರಿಗೆ ಆದೇಶ ಕೊಡುವಾಗ ಉಮರ್(ರ)ರು ಮರ್ದಿತನ ಪ್ರಾರ್ಥನೆಗೆ ಅಂಜಬೇಕೆಂದೂ ಎಚ್ಚರಿಸಿದ್ದರು. ಆ ಎಚ್ಚರಿಕೆ ಬೇಲಿ ಹಾಕುವವರಿಗೂ ಸಲ್ಲುತ್ತದೆ, ಬೇಲಿಯ ಹೊರಗೆ ನಿಂತು ಮೌನವಾಗಿ ನೋಡುವವರಿಗೂ ಸಲ್ಲುತ್ತದೆ.