ಪ್ರವಾಸೋದ್ಯಮ ನೀತಿಯಲ್ಲಿ ಗಡಿನಾಡ ಕನ್ನಡದ ಮಗುವಿಗೆ ಸ್ಥಾನವೆಲ್ಲಿ?

ಶಂಕಗಿರಿ: ತಮಿಳುನಾಡಿನ ಪ್ರವಾಸೋದ್ಯಮ ಖಾತೆಯು 2024ರ ಸೆಪ್ಟೆಂಬರ್ ಅಂತ್ಯದಲ್ಲಿ ಸೇಲಂ ಉತ್ತರ ಕ್ಷೇತ್ರದ ಶಾಸಕ ಆರ್. ರಾಜೇಂದ್ರನ್ ಅವರ ಕೈಗೆ ಬಂದಾಗ, ಜಿಲ್ಲೆಯ ಜನರಲ್ಲಿ ಸಹಜವಾದ ನಿರೀಕ್ಷೆಯೊಂದು ಮೂಡಿತು. ಅದಕ್ಕೂ ಒಂದು ವರ್ಷ ಮೊದಲೇ, 2023ರಲ್ಲಿ, ರಾಜ್ಯವು ತನ್ನ ಪ್ರವಾಸೋದ್ಯಮ ನೀತಿಯನ್ನು ಪ್ರಕಟಿಸಿತ್ತು. ಹೂಡಿಕೆದಾರರಿಗೆ ಸಹಾಯಧನ, ಪರಂಪರೆ ಹಾಗೂ ಗ್ರಾಮೀಣ ಪ್ರವಾಸಕ್ಕೆ ಉತ್ತೇಜನ ಮುಂತಾದ ಅಂಶಗಳು ಅದರಲ್ಲಿವೆ. ಆದರೆ ಬಸ್ಸು ಹತ್ತಿ ಹೊರಡುವ ಸಾಮಾನ್ಯ ಕುಟುಂಬಕ್ಕೆ, ಅದರಲ್ಲೂ ಮನೆಯಲ್ಲಿ ಕನ್ನಡ ನುಡಿಯುವ ಕುಟುಂಬಕ್ಕೆ, ಇದರಿಂದ ಏನು ದಕ್ಕುತ್ತದೆ ಎಂಬುದನ್ನು ನಾವೇ ಪರಿಶೀಲಿಸಬೇಕಾಗಿದೆ.

ನಮ್ಮ ಕಣ್ಣೆದುರಿನ ಶಂಕಗಿರಿ ದುರ್ಗವನ್ನೇ ತೆಗೆದುಕೊಳ್ಳೋಣ. ಮೈಸೂರಿನ ಆಳ್ವಿಕೆಗೆ ಒಳಪಟ್ಟಿದ್ದ ಈ ಸೀಮೆಯು 1792ರ ಶ್ರೀರಂಗಪಟ್ಟಣ ಒಪ್ಪಂದದ ಬಳಿಕ ಬ್ರಿಟಿಷರ ಪಾಲಾಯಿತು. ಟಿಪ್ಪು ಸುಲ್ತಾನನ ಪಕ್ಷದಲ್ಲಿ ನಿಂತು ಹೋರಾಡಿದ ಧೀರನ್ ಚಿನ್ನಮಲೈಯನ್ನು 1805ರಲ್ಲಿ ಗಲ್ಲಿಗೇರಿಸಿದ್ದು ಇದೇ ದುರ್ಗದಲ್ಲಿ. ತಮಿಳು ಮಗುವೂ ಕನ್ನಡದ ಮಗುವೂ ಸಮಾನವಾಗಿ ಹೆಮ್ಮೆಪಡಬಹುದಾದ ಸ್ಥಳವಿದು. ಆದರೆ ಕೋಟೆಯ ಸಂರಕ್ಷಣೆ ಕೇಂದ್ರ ಸರ್ಕಾರದ ಪುರಾತತ್ವ ಇಲಾಖೆಗೆ ಸೇರಿದ್ದು; ರಸ್ತೆ, ವಸತಿ, ಪ್ರಚಾರಗಳು ರಾಜ್ಯದ ಹೊಣೆ. ಹೀಗೆ ಹೊಣೆ ಹಂಚಿಹೋಗಿರುವಾಗ ಎರಡು ಕಚೇರಿಗಳೂ ಕುಳಿತು ಮಾತನಾಡದಿದ್ದರೆ, ಬೆಟ್ಟ ಹತ್ತುವ ಮಕ್ಕಳಿಗೆ ನೀರು, ನೆರಳು, ಶೌಚಾಲಯಗಳಂಥ ಸಣ್ಣ ಸೌಕರ್ಯಗಳೂ ಯಾರ ಕೆಲಸವೂ ಅಲ್ಲದಂತಾಗುತ್ತವೆ.

ಧರ್ಮಪುರಿ ಜಿಲ್ಲೆಯ ಹೊಗೇನಕಲ್ಲಿನಲ್ಲಿ ವಿಷಯ ಇನ್ನೂ ಗಂಭೀರ. ಹೊಗೆ ಮತ್ತು ಕಲ್ಲು ಎಂಬ ಎರಡು ಕನ್ನಡ ಪದಗಳು ಸೇರಿ ಆದ ಹೆಸರದು. ಹೊಳೆಯ ಆಚೆ ದಡ ಚಾಮರಾಜನಗರ ಜಿಲ್ಲೆಯದು. ಕೆ.ಆರ್.ಎಸ್. ಮತ್ತು ಕಬಿನಿ ಜಲಾಶಯಗಳಿಂದ ನೀರು ಬಿಟ್ಟಾಗ ಬಿಳಿಗುಂಡ್ಲುವಿನಲ್ಲಿ ಅಳೆಯುವ ಹರಿವು ಏರುತ್ತದೆ. ಕೂಡಲೇ ಜಿಲ್ಲಾಡಳಿತವು ತೆಪ್ಪ ಸಂಚಾರವನ್ನೂ ಸ್ನಾನವನ್ನೂ ನಿಷೇಧಿಸುತ್ತದೆ. ಈ ಎಚ್ಚರಿಕೆ ಕರ್ನಾಟಕದಿಂದ ಬಂದ ಪ್ರವಾಸಿಗೂ ಅರ್ಥವಾಗುವ ನುಡಿಯಲ್ಲಿರಬೇಕು. ಜನಸಂಖ್ಯೆಯ ಶೇ. 15ರಷ್ಟು ಅಲ್ಪಸಂಖ್ಯಾತ ಭಾಷಿಕರಿರುವ ಕಡೆ ಸರ್ಕಾರಿ ಪ್ರಕಟಣೆಗಳು ಅವರ ಭಾಷೆಯಲ್ಲೂ ಇರಬೇಕೆಂಬುದು ದೇಶದಲ್ಲಿ ಒಪ್ಪಿತವಾದ ಕ್ರಮ. ಸೇಲಂ, ಧರ್ಮಪುರಿಗಳಲ್ಲಿ ನಾವು ಆ ಪ್ರಮಾಣವನ್ನು ಮುಟ್ಟುವುದಿಲ್ಲ. ಆದರೆ ನದಿಯ ಸೆಳೆತಕ್ಕೆ ಈ ಲೆಕ್ಕಾಚಾರ ತಿಳಿಯದು. ಇಲ್ಲಿ ಕನ್ನಡದ ಫಲಕವನ್ನು ಕೇಳುವುದು ಭಾಷಾಭಿಮಾನದ ಮಾತಲ್ಲ, ಪ್ರಾಣರಕ್ಷಣೆಯ ಮಾತು.

ಇನ್ನು ಆಚೆಯ ಸರ್ಕಾರದ ಕಡೆಗೂ ಬೆರಳು ತೋರದಿದ್ದರೆ ನ್ಯಾಯವಾಗದು. ತಮಿಳುನಾಡು 2021ರಿಂದ ಸಾಧಾರಣ ದರದ ನಗರ ಬಸ್ಸುಗಳಲ್ಲಿ ಎಲ್ಲ ಮಹಿಳೆಯರಿಗೂ ಉಚಿತ ಪ್ರಯಾಣ ನೀಡಿದೆ. ಕನ್ನಡ ಮಾತನಾಡುವ ತಾಯಿಯೂ ಅದರಲ್ಲಿ ಸಮಾನಳು. ಕರ್ನಾಟಕದ ‘ಶಕ್ತಿ’ ಯೋಜನೆ ಆರಂಭವಾದದ್ದು 2023ರ ಜೂನ್ 11ರಂದು. ಅದು ಕೇಳುವುದು ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿಯನ್ನು. ಮೆಟ್ಟೂರು, ಪಾಲಾರು ದಾಟಿ ಮಲೆ ಮಹದೇಶ್ವರ ಬೆಟ್ಟಕ್ಕೆ ಹರಕೆ ಹೊತ್ತು ಹೋಗುವ ನಮ್ಮ ತಾಯಂದಿರು ಅಲ್ಲಿ ಹೊರಗಿನವರಾಗುತ್ತಾರೆ. ತೆರಿಗೆ ಕಟ್ಟುವ ರಾಜ್ಯದ ನಿವಾಸಿಗಳಿಗೇ ಸವಲತ್ತು ಎಂಬ ವಾದದಲ್ಲಿ ಹುರುಳಿದೆ, ಒಪ್ಪೋಣ. ಆದರೆ ಶಿಕ್ಷಣ ಪ್ರವೇಶದಲ್ಲಿ ಹೊರನಾಡು ಹಾಗೂ ಗಡಿನಾಡು ಕನ್ನಡಿಗರಿಗೆ ಅವಕಾಶ ಕಲ್ಪಿಸಿರುವ ಅದೇ ರಾಜ್ಯ, ಪ್ರವಾಸದ ವಿಷಯದಲ್ಲಿ ಮಕ್ಕಳನ್ನು ಮರೆಯುವುದೇಕೆ?

ಕರ್ನಾಟಕದ ಸರ್ಕಾರಿ ಶಾಲೆಗಳ ಮಕ್ಕಳಿಗಾಗಿ ‘ಕರ್ನಾಟಕ ದರ್ಶನ’ ಪ್ರವಾಸಗಳು ನಡೆದಿವೆ. ಹೊಸೂರು, ತಾಳವಾಡಿಗಳ ಕನ್ನಡ ಮಾಧ್ಯಮದ ಮಗು ಕನ್ನಡ ಪಾಠದಲ್ಲಿ ಹಂಪೆ, ಬೇಲೂರುಗಳ ಹೆಸರು ಓದುತ್ತದೆ; ನೋಡುವ ಭಾಗ್ಯ ತಂದೆಯ ಜೇಬಿನ ಬಲಕ್ಕೆ ಬಿಟ್ಟದ್ದು. 2023ರಲ್ಲಿ ಅಲ್ಲಿನ ಪ್ರವಾಸೋದ್ಯಮ ಖಾತೆ ವಹಿಸಿಕೊಂಡವರು ಎಚ್.ಕೆ. ಪಾಟೀಲರು. ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರವೂ ಆ ರಾಜ್ಯದಲ್ಲಿದೆ. ಇಲಾಖೆ ಮತ್ತು ಪ್ರಾಧಿಕಾರಗಳೆರಡೂ ಕೈಜೋಡಿಸಿದರೆ ವರ್ಷಕ್ಕೆ ಕೆಲವು ಬಸ್ಸುಗಳನ್ನು ನಮ್ಮ ಶಾಲೆಗಳಿಗೆ ಮೀಸಲಿಡುವುದು ದೊಡ್ಡ ಹೊರೆಯೇನಲ್ಲ.

2011ರ ಜನಗಣತಿಯಂತೆ ತಮಿಳುನಾಡಿನಲ್ಲಿ ಕನ್ನಡ ಮಾತೃಭಾಷಿಕರು ಸುಮಾರು 12.8 ಲಕ್ಷ. ಇಷ್ಟು ಜನರ ಬೇಡಿಕೆ ಇರುವುದು ಮೂರೇ: ಶಂಕಗಿರಿಯಲ್ಲಿ ಮಕ್ಕಳಿಗೆ ಮೂಲ ಸೌಕರ್ಯ, ಹೊಗೇನಕಲ್ಲಿನಲ್ಲಿ ಕನ್ನಡದ ಎಚ್ಚರಿಕೆ ಫಲಕ, ಗಡಿನಾಡ ಶಾಲೆಗಳಿಗೆ ಕರ್ನಾಟಕ ದರ್ಶನ. ಪೋಷಕರು ತಮ್ಮ ಶಾಲೆಯ ಮುಂದಿನ ಪೋಷಕರ ಸಭೆಯಲ್ಲಿ ಈ ಮೂರನ್ನೂ ಮನವಿಯಾಗಿ ಬರೆದು, ಸಹಿ ಹಾಕಿ, ಎರಡೂ ರಾಜ್ಯಗಳ ಸಚಿವರಿಗೆ ಕಳುಹಿಸಲಿ. ಕೇಳದೆ ಕೂತವರ ಮನೆ ಬಾಗಿಲಿಗೆ ಯಾವ ನೀತಿಯೂ ತಾನಾಗಿ ನಡೆದು ಬಂದದ್ದಿಲ್ಲ.